ಅಂಬುಜಮ್ಮ ಪಡಿ ಬೇಡಿದ ದ್ವೀಪ

ನೈರೋಬಿಯಲ್ಲಿ ಮೂವತ್ತು ವರ್ಷ ಸಂಸಾರ ಮಾಡಿಯೂ ಪರರ ಮನೆಯಲ್ಲಿ ಬೇಯಿಸಿದ ಒಂದು ಅಗುಳನ್ನೂ ಬಾಯಿಗಿಡದವರು ಅಂಬುಜಮ್ಮ. ಇದನ್ನು ಕೆಲವರು ಮೆಚ್ಚಿ ಹೇಳುತ್ತಿದ್ದರು, ಕೆಲವರು ಮೂಗು ಮುರಿದು ಹೇಳುತ್ತಿದ್ದರು. ಸೊಸೆ ಕಮಲಾಕ್ಷಿ ಎರಡೂ ಗುಂಪಿಗೆ ಸೇರಿದವಳಲ್ಲ. ಅವಳಿಗೆ ಇದೊಂದು ತಲೆನೋವು, ಅಷ್ಟೆ. ಯಾರಾದರೂ ಊಟಕ್ಕೆ ಕರೆದರೆ ಸಾಕು, ಅತ್ತೆಯವರ ವಿಷಯ ಅವರಿಗೆ ಹೇಗೆ ಹೇಳಲಿ, ಹೇಳಿದರೆ ಏನಂದುಕೊಂಡಾರು, ಹೇಳದೆ ಹೋದರೆ ಅಲ್ಲೇನಾದೀತು ಎಂದು ಹಿಂದಿನ ದಿನದಿಂದಲೇ ಲೆಕ್ಕ ಹಾಕುತ್ತ ಕೂರುವಳು. ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದ ಹುಡುಗಿ. ಚಿಂತೆ ಮಾಡುವುದರಲ್ಲಿ ಮಾತ್ರ ಯಾವ ಮುದುಕಿಗೂ ಕಡಿಮೆಯಿರಲಿಲ್ಲ. ಮಗ ಅನಂತ್ ಹುಟ್ಟಿದ ಮೇಲಂತೂ ಕೇಳುವುದೇ ಬೇಡ. ಅವನ ಬಾಯಿಗೆ ಹೋಗುವ ಪ್ರತಿಯೊಂದನ್ನೂ ಮೊದಲು ತಾನು ಒಂದು ಚಮಚ ತಿಂದು, ಬಿಸಿಯೋ ಹುಳಿಯೋ ಹಳಸಿದ್ದೋ ಎಂದು ಖಾತ್ರಿ ಮಾಡಿಕೊಂಡೇ ಕೊಡುವವಳು. “ಪೂತನಿ ಬಂದು ಹೋದ ಮೇಲೂ ಯಶೋದೆಗೆ ಇಷ್ಟು ಭಯ ಇರಲಿಲ್ಲ ಕಣಮ್ಮ,” ಎಂದು ಮಾವ ಸೂರ್ಯನಾರಾಯಣರು ನಗುತ್ತಿದ್ದರು.

ಅಂಬುಜಮ್ಮ ಹತ್ತೊಂಬತ್ತರ ಪ್ರಾಯದಲ್ಲಿ ಬೊಂಬಾಯಿಯಲ್ಲಿ ಹಡಗು ಹತ್ತಿ, ಮೊಂಬಾಸಾದಲ್ಲಿ ಇಳಿದು, ರೈಲಿನಲ್ಲಿ ನೈರೋಬಿಗೆ ಬಂದವರು. ಗಂಡ ಲೆಕ್ಕದ ಮೇಷ್ಟ್ರು. ಇವರು ಯಾವ ಕೆಲಸಕ್ಕೂ ಸೇರಲಿಲ್ಲ. ಬಂದ ವಿದ್ಯೆ ಎಂದರೆ ಒಂದೇ, ಕೂಸಿಗೆ ನೀರು ಹಾಕುವುದು. ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ ಹದವಾದ ನೀರು ಹೊಯ್ದರೆಂದರೆ ಎಂಥ ರಚ್ಚೆಯ ಮಗುವೂ ಸಂಜೆಯವರೆಗೆ ಕಣ್ಣು ಬಿಡುತ್ತಿರಲಿಲ್ಲ. ಆ ಊರಿನ ಕನ್ನಡದವರ ಮನೆಗಳಲ್ಲಿ, ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಹುಟ್ಟಿದ ಮುಕ್ಕಾಲು ಪಾಲು ಮಕ್ಕಳು ಆ ಕಾಲುಗಳ ಮೇಲೆ ಮಿಂದವರೇ. ಸಿರಿವಂತರ ಬಡಾವಣೆ ಕರೆನ್‌ನ ದೊಡ್ಡ ಬಂಗಲೆಗಳಿಂದ ಕಾರು ಬರುತ್ತಿತ್ತು. ಕಾರಿಲ್ಲದವರ ಮನೆಗೆ ತಾವೇ ಮಟಾಟು ವ್ಯಾನು ಹತ್ತಿ ಹೋಗುತ್ತಿದ್ದರು. ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ಬಾಣಂತಿಗೆ ನಾಲ್ಕು ಮಾತು ಬೈದು ಎದ್ದು ಬರುವರು. ಆ ಮನೆಯ ಕಾಫಿಯನ್ನೂ ಮುಟ್ಟರು. “ಬೇಜಾರು ಮಾಡ್ಕೋಬೇಡ ಮೇರಿ, ನಂದೊಂದು ರೋಗ ಅಂದ್ಕೊಂಡುಬಿಡು,” ಅನ್ನುವರು.

ವೆಸ್ಟ್‌ಲ್ಯಾಂಡ್ಸ್‌ನ ಅವರ ಮನೆಯ ಬೇಲಿಯಾಚೆ ಹೆಲನ್ ಇದ್ದಳು. ಗ್ರೀಸ್ ದೇಶದ ಒಂದು ಪುಟ್ಟ ದ್ವೀಪದವಳು. ಗಂಡ ಪೀಟರ್ ಗ್ರೀಕನೇ ಆದರೂ ಹುಟ್ಟಿ ಬೆಳೆದದ್ದು ಟಾಂಗಾನಿಕಾದ ಕತ್ತಾಳೆ ತೋಟದಲ್ಲಿ. ನೈರೋಬಿಯಲ್ಲಿ ಲಾರಿ ರಿಪೇರಿಯ ವರ್ಕ್‌ಶಾಪ್ ಇಟ್ಟಿದ್ದ. ಹೆಂಡತಿಯ ಊರನ್ನು ಅವನು ಫೋಟೋದಲ್ಲಿ ಮಾತ್ರ ಕಂಡವನು. ಹೆಲನ್ ಬಂದ ಹೊಸದರಲ್ಲಿ ಬೇಲಿಯ ಮೇಲಿಂದ ಒಂದು ತಟ್ಟೆ ಕೇಕು ಕೊಟ್ಟಳು. ಮಾರನೆಯ ದಿನ ನೋಡಿದರೆ ಅದು ತೋಟದ ಕೆಲಸದವನ ಕೈಯಲ್ಲಿ. ಬೇರೆಯವರಾಗಿದ್ದರೆ ಅಲ್ಲಿಗೆ ಮಾತು ನಿಲ್ಲುತ್ತಿತ್ತು. ಹೆಲನ್ ನೇರವಾಗಿ ಬಂದು ಯಾಕೆಂದು ಕೇಳಿದಳು, ಇವರು ಹರಕು ಇಂಗ್ಲಿಷಿನಲ್ಲಿ, ಸ್ವಾಹಿಲಿಯಲ್ಲಿ, ಕೈಸನ್ನೆಯಲ್ಲಿ ಹೇಳಿದರು, ಅವಳು ಸ್ವಾಹಿಲಿಯಲ್ಲೇ “ಸವಾ”, ಸರಿ, ಎಂದಳು. ಅಂದಿನಿಂದ ಹೆಚ್ಚದ ಹಣ್ಣು ಮಾತ್ರ ಬೇಲಿ ದಾಟಿ ಬರುತ್ತಿತ್ತು. ಅಂಜೂರ, ನಿಂಬೆ, ಬೆಣ್ಣೆಹಣ್ಣು. ಇತ್ತಲಿಂದ ಹೋಳಿಗೆ, ಚಕ್ಕುಲಿ, ಹುಳಿಯನ್ನ. ಹೀಗೆಯೇ ಇಬ್ಬರ ತಲೆಯೂ ನರೆಯಿತು.

ಎಂಬತ್ತೊಂಬತ್ತನೆಯ ಇಸವಿಯಲ್ಲಿ ಪೀಟರ್ ತೀರಿಕೊಂಡ. ನೈರೋಬಿಯಲ್ಲೇ ಮಣ್ಣು ಮಾಡಿದರು. ಮಕ್ಕಳಿಲ್ಲದ ಹೆಲನ್ ಮನೆ ಮಾರಿ, ಅಕ್ಕ ಇದ್ದ ದ್ವೀಪಕ್ಕೆ ಹೊರಟುಹೋದಳು. ವರ್ಷ ತುಂಬುವುದಕ್ಕೆ ಸ್ವಲ್ಪ ಮುಂಚೆ ಅವಳ ಟ್ರಂಕ್ ಕಾಲ್ ಬಂತು. ಗೊರಗೊರ ಸದ್ದಿನ ನಡುವೆ ಅಳು ಮಾತ್ರ ಚೆನ್ನಾಗಿ ಕೇಳುತ್ತಿತ್ತು.

“ಅಂಬು, ಇಲ್ಲಿ ವರ್ಷದ ದಿನ ಗೋಧಿ ಬೇಯಿಸಿ ಚರ್ಚಿಗೆ ಒಯ್ಯಬೇಕು. ಊರವರು ಅದನ್ನು ತಿಂದು ಸತ್ತವನ ಹೆಸರು ಹೇಳಿ, ದೇವರು ಅವನನ್ನು ಕ್ಷಮಿಸಲಿ ಅನ್ನಬೇಕು. ನನ್ನ ಪೀಟರ್ ಇಲ್ಲಿ ಯಾರಿಗೂ ಗೊತ್ತಿಲ್ಲ. ನನ್ನನ್ನೇ ಆಫ್ರಿಕಾದವಳು ಅಂತಾರೆ. ಯಾರೂ ಬರಲ್ಲ. ಒಂದು ಬಾಯಿಯಾದರೂ ಅವನ ಹೆಸರು ಹೇಳದೆ ಹೋದರೆ ಅವನು ಇದ್ದದ್ದಾದರೂ ಹೌದಾ?”

ಅಂಬುಜಮ್ಮ ಫೋನಿಟ್ಟು ಬಂದು, “ನಾನು ಹೋಗ್ತೀನಿ,” ಎಂದರು.

“ಎಲ್ಲಿಗೆ? ಗ್ರೀಸಿಗಾ? ಬೆಂಗಳೂರಿಗೆ ಹೋಗೋ ವಿಮಾನದಲ್ಲೇ ನೀರು ಕುಡಿಯೋದಿಲ್ಲ ನೀನು,” ಎಂದರು ಸೂರ್ಯನಾರಾಯಣರು.

“ಉಪವಾಸ ಇದ್ದು ಯಾರೂ ಸತ್ತಿಲ್ಲ. ಏಕಾದಶಿ ಮಾಡಿ ಅಭ್ಯಾಸ ಇದೆ.”

ಒಬ್ಬರನ್ನೇ ಕಳಿಸುವುದು ಹೇಗೆ? ಮಗ ವಾಮನನಿಗೆ ರಜೆ ಇಲ್ಲ. ಕಮಲಾಕ್ಷಿಯನ್ನು ಜೊತೆಗೆ ಹಾಕಿದರು. ಕಮಲಾಕ್ಷಿ ಎಂದರೆ ಅನಂತನೂ ಬಂದ ಹಾಗೆ. ಅನಂತ್ ಎಂದರೆ ಕುದಿಸಿದ ನೀರಿನ ಎರಡು ಫ್ಲಾಸ್ಕು, ಥರ್ಮಾಮೀಟರು, ಡೆಟಾಲು, ಗ್ರೈಪ್ ವಾಟರು. ಅತ್ತೆಯವರ ಪೆಟ್ಟಿಗೆಯಲ್ಲಿ ಅವಲಕ್ಕಿ, ಹುಳಿಪುಡಿ, ಚಟ್ನಿಪುಡಿ, ಒಂದು ಸಣ್ಣ ಸ್ಟೌವು, ಹಿತ್ತಾಳೆಯ ಚೊಂಬು. ಅಥೆನ್ಸಿನ ಕಸ್ಟಮ್ಸಿನವನು ಹುಳಿಪುಡಿ ಮೂಸಿ ಮೂರು ಸಲ ಸೀನಿ, ಹೋಗಿ ಎಂದು ಕೈ ಬೀಸಿದ.

ಹಡಗಿನಿಂದ ಇಳಿದಾಗ ಕಮಲಾಕ್ಷಿಗೆ ಮೊದಲು ಕಂಡದ್ದು ಆ ಊರಿನಲ್ಲಿ ಇಲ್ಲದಿರುವುದು. ಕಾರಿಲ್ಲ, ಬಸ್ಸಿಲ್ಲ. ಔಷಧದಂಗಡಿಯಿಲ್ಲ. ಡಾಕ್ಟರು ಪಕ್ಕದ ದ್ವೀಪದಲ್ಲಿ. ಹಡಗು ಬಂದರೆ ಬಂತು, ಗಾಳಿ ಎದ್ದರೆ ಇಲ್ಲ. ಸುಣ್ಣ ಬಳಿದ ಬಿಳಿ ಮನೆಗಳು ಗುಡ್ಡಕ್ಕೆ ಅಂಟಿಕೊಂಡು ನಿಂತಿದ್ದವು. ಎಲ್ಲಿ ಹೋಗಬೇಕಾದರೂ ಮೆಟ್ಟಿಲೇ. ಸಾಮಾನು ಹೊತ್ತ ಕತ್ತೆಯ ಗೊರಸಿನ ಸದ್ದು ನಿಂತರೆ ಕಿವಿ ಮುಚ್ಚಿಕೊಂಡಂಥ ಮೌನ. ವೆಸ್ಟ್‌ಲ್ಯಾಂಡ್ಸ್‌ನ ಮಟಾಟು ಹಾರನ್ನುಗಳಿಗೆ ಬೈಯುತ್ತಿದ್ದವಳಿಗೆ ಈಗ ಅವೇ ಬೇಕೆನಿಸಿದವು. ಈ ಮೆಟ್ಟಿಲಿನಲ್ಲಿ ಮಗು ಉರುಳಿದರೆ? ಈ ಮಳೆನೀರಿನ ತೊಟ್ಟಿಯ ನೀರು ಕುಡಿದು ಭೇದಿಯಾದರೆ?

“ಎಷ್ಟು ಚೊಕ್ಕವಾಗಿದೆ ನೋಡೇ ಊರು,” ಎಂದರು ಅಂಬುಜಮ್ಮ, ಮಂಡಿ ಹಿಡಿದುಕೊಂಡು ಮೆಟ್ಟಿಲೇರುತ್ತ. “ಬಾಗಿಲ ಮುಂದೆ ಒಂದು ರಂಗೋಲಿ ಇಲ್ಲ, ಅಷ್ಟೆ.”

ಹೆಲನ್‌ಳ ಅಕ್ಕ ಇರಿನಿ ತಲೆಯಿಂದ ಕಾಲಿನವರೆಗೆ ಕಪ್ಪು ಉಟ್ಟ ವಿಧವೆ, ಕೋಲಿನಂಥ ಹೆಂಗಸು. ಬಂದವರ ಮುಂದೆ ಒಂದು ತಟ್ಟೆ ತಂದಿಟ್ಟಳು. ಚಮಚದಲ್ಲಿ ಸಕ್ಕರೆಪಾಕದ ಹಣ್ಣು, ಪಕ್ಕದಲ್ಲಿ ಒಂದು ಲೋಟ ನೀರು.

“ಅಯ್ಯೋ, ಬೆಲ್ಲ ನೀರು,” ಎಂದು ಅಂಬುಜಮ್ಮನವರ ಮುಖ ಅರಳಿತು. “ಬಿಸಿಲಲ್ಲಿ ಬಂದವರಿಗೆ ನಮ್ಮಜ್ಜಿ ಹೀಗೇ ಕೊಡ್ತಿದ್ದಳು.” ಅರಳಿದ ಮುಖದಲ್ಲೇ ತಟ್ಟೆಗೆ ಕೈಮುಗಿದು, ನೀರನ್ನು ಮಾತ್ರ ತಮ್ಮ ಚೊಂಬಿಗೆ ಬಗ್ಗಿಸಿಕೊಂಡು ಎತ್ತಿ ಕುಡಿದರು. ಪಾಕ ಹಾಗೇ ಉಳಿಯಿತು.

ಇರಿನಿ ಏನೋ ಅಂದಳು. ಹೆಲನ್ ಮುಖ ಕೆಂಪಾಯಿತು, ಕಮಲಾಕ್ಷಿ ಬಲವಂತ ಮಾಡಿ ಕೇಳಿದ ಮೇಲೆ ಮೆಲ್ಲಗೆ ಹೇಳಿದಳು: “ತಂಗಿ ತಂಗಿ ಅಂತ ಕರೆಸಿಕೊಂಡೆ, ನಿನ್ನ ತಂಗಿ ನಿನ್ನ ಮನೆಯ ಸಿಹಿಯನ್ನೂ ಮುಟ್ಟೋದಿಲ್ಲವಲ್ಲ, ಅಂತಾಳೆ.”

ಕಮಲಾಕ್ಷಿಗೆ ನೆಲ ಬಿರಿಯಬಾರದೇ ಅನಿಸಿತು. ಅತ್ತೆಗೆ ಹಾಗೇನೂ ಅನಿಸಿದಂತೆ ಕಾಣಲಿಲ್ಲ. ಅಂಗಳದ ಮೂಲೆಯಲ್ಲಿ ಸ್ಟೌ ಹಚ್ಚಿ ಅನ್ನಕ್ಕಿಟ್ಟರು. ಅದು ಆಗಸ್ಟ್ ತಿಂಗಳು. ಮೇರಿಯಮ್ಮನ ದೊಡ್ಡ ಹಬ್ಬಕ್ಕೆ ಮುಂಚೆ ಆ ಊರವರದೆಲ್ಲ ವ್ರತ. ಮಾಂಸವಿಲ್ಲ, ಮೀನಿಲ್ಲ, ಹಾಲು ಮೊಸರಿಲ್ಲ; ಕಾಳು, ಸೊಪ್ಪು, ಆಲಿವ್ ಎಣ್ಣೆ. ಹೆಲನ್ ಇದನ್ನು ಹೇಳಿದಾಗ ಅಂಬುಜಮ್ಮ, “ನಮ್ಮ ಚಾತುರ್ಮಾಸ್ಯದಲ್ಲೂ ಈ ತಿಂಗಳು ಮೊಸರು ಬಿಡ್ತೀವಿ. ನಿಮ್ಮಕ್ಕನಿಗೆ ಹೇಳು, ಆಕೆ ನಮ್ಮವಳೇ ಅಂತ,” ಎಂದರು. ಹೆಲನ್ ಹೇಳಿದಳು. ಇರಿನಿ ಹುರುಳಿಕಾಯಿ ಮುರಿಯುತ್ತ ಕೂತಳು.

ಪೀಟರನ ಕಾರ್ಯ ಭಾನುವಾರ ಎಂದು ಗೊತ್ತಾಗಿತ್ತು. ಶನಿವಾರ ಮಧ್ಯಾಹ್ನ ಆಗಬಾರದ್ದು ಆಗಿಹೋಯಿತು, ಆದದ್ದು ಕಮಲಾಕ್ಷಿಯ ಕೈಯಿಂದಲೇ.

ಎಲ್ಲರೂ ಮಲಗಿದ್ದ ಹೊತ್ತು. ಅನಂತ್ ಮಾತ್ರ ಎದ್ದು ಒಳಕೋಣೆಗೆ ನುಗ್ಗಿ, “ಮಮ್ಮಿ, ಕೇಕ್, ಐ ವಾಂಟ್,” ಎಂದು ಹಟ ಹಿಡಿದಿದ್ದ. ನೋಡಿದರೆ ಮೇಜಿನ ಮೇಲೆ ಒಂದು ದೊಡ್ಡ ತಟ್ಟೆ. ಮೇಲೆಲ್ಲ ಹಿಮದ ಹಾಗೆ ಪುಡಿಸಕ್ಕರೆ, ಅಂಚಿಗೆ ಬಾದಾಮಿ, ನಡುವೆ ಬೆಳ್ಳಿಬಣ್ಣದ ಸಕ್ಕರೆ ಗುಂಡುಗಳಿಂದ ಬಿಡಿಸಿದ ಶಿಲುಬೆ. ಶಿಲುಬೆ ಕಂಡೂ ಅವಳಿಗೆ ಹೊಳೆಯಲಿಲ್ಲ. ನೈರೋಬಿಯಲ್ಲಿ ಗೆಳತಿ ಸಲೋಮಿಯ ಮಗುವಿನ ನಾಮಕರಣದ ಕೇಕಿನ ಮೇಲೂ ಶಿಲುಬೆಯಿತ್ತು, ಇಂಥವೇ ಬೆಳ್ಳಿ ಗುಂಡುಗಳೂ ಇದ್ದವು. ನಾಳಿನ ಕಾರ್ಯಕ್ಕೆ ಬೇಯಿಸಿದ ಗೋಧಿ ಎಂದು ಕೇಳಿದ್ದಳು ನಿಜ. ಅವಳ ಮನಸ್ಸಿನಲ್ಲಿ ಅದು ಬಾಳೆಲೆಯ ಮೇಲಿನ ಪಿಂಡದಂತೆ ಬೋಳಾಗಿ ಇತ್ತು. ತಿಥಿಯ ಎಡೆಗೆ ಮದುವೆಯ ಶೃಂಗಾರ ಮಾಡುತ್ತಾರೆಂದು ನಮ್ಮ ಕಡೆಯ ಯಾರು ತಾನೆ ಊಹಿಸಬಲ್ಲರು? ಮಗುವಿಗೆಂದು ಮಾಡಿಟ್ಟಿದ್ದಾರೇನೋ, ಆ ಮುದುಕಿಗೂ ಒಳಗೊಳಗೇ ಅಕ್ಕರೆ ಇದೆ ಎಂದುಕೊಂಡು, ಚಮಚ ತೆಗೆದು ಮೂಲೆಯಿಂದ ಮೊದಲು ತಾನು ತಿಂದು ನೋಡಿದಳು. ಹಳಸಿರಲಿಲ್ಲ. ಆಮೇಲೆ ಅದೇ ಚಮಚದಲ್ಲಿ ಅನಂತನಿಗೆ ಕೊಟ್ಟಳು.

ಬಾಗಿಲಲ್ಲಿ ಇರಿನಿ ನಿಂತಿದ್ದಳು. ಕಿರುಚಲಿಲ್ಲ. ತಟ್ಟೆಯನ್ನು ನೋಡಿದಳು, ಚಮಚವನ್ನು ನೋಡಿದಳು, ಎದೆಯ ಮೇಲೆ ಶಿಲುಬೆಯ ಗುರುತು ಬರೆದುಕೊಂಡು ಕುರ್ಚಿಯ ಮೇಲೆ ಕುಸಿದಳು. ಓಡಿಬಂದ ಹೆಲನ್ ಗೋಡೆಗೆ ಒರಗಿಕೊಂಡು ಅತ್ತಳು. ಮಂತ್ರ ಹೇಳುವ ಮುಂಚೆ ಆ ಗೋಧಿಯನ್ನು ಯಾರೂ ರುಚಿ ನೋಡುವಂತಿಲ್ಲ. ರುಚಿ ನೋಡಿದ್ದನ್ನು ಚರ್ಚಿಗೆ ಒಯ್ಯುವಂತಿಲ್ಲ. ಮನೆಯಲ್ಲಿದ್ದ ಗೋಧಿಯೆಲ್ಲ ಅದೇ. ಅಂಗಡಿಯವನು ಬೀಗ ಹಾಕಿಕೊಂಡು ಪಕ್ಕದ ದ್ವೀಪಕ್ಕೆ ಮಗಳ ಮನೆಗೆ ಹೋಗಿದ್ದ.

ಕಮಲಾಕ್ಷಿ ಅತ್ತೆಯ ಮುಂದೆ ಬಂದು ನಿಂತಳು. ಕೈಯಲ್ಲಿ ಇನ್ನೂ ಆ ಚಮಚ, ಕಣ್ಣಲ್ಲಿ ನೀರು.

“ನೈವೇದ್ಯಕ್ಕೆ ಮುಂಚೆ ಎಂಜಲಾಯ್ತು, ಅಷ್ಟೇ ತಾನೆ,” ಎಂದರು ಅಂಬುಜಮ್ಮ. “ಅಳಬೇಡ. ನನ್ನ ತಂಗಿ ಗೌರಿಹಬ್ಬದ ದಿನ ಕಡುಬು ಕದ್ದು ತಿಂದು ಇಡೀ ಮನೆಯವರು ಮತ್ತೆ ಅಡಿಗೆ ಮಾಡಿದ್ದುಂಟು. ಹೆಲನ್, ಈ ಊರಲ್ಲಿ ಗೋಧಿ ಯಾರ ಮನೇಲಿರುತ್ತೆ?”

“ಎಲ್ಲರ ಮನೇಲೂ ಒಂದಿಷ್ಟು ಇರುತ್ತೆ. ಹೇಗೆ ಕೇಳೋದು ಅಂಬು? ನನಗೆ ಯಾರೂ ಬಾಗಿಲು ತೆಗೆಯಲ್ಲ.”

ಇರಿನಿ ಕುರ್ಚಿಯಿಂದಲೇ ಏನೋ ಗದರಿದಳು. ನಮ್ಮ ಮನೆತನದವರು ಇವತ್ತಿನವರೆಗೆ ಯಾರ ಬಾಗಿಲಲ್ಲೂ ಕೈ ಒಡ್ಡಿದವರಲ್ಲ ಎಂದು ಅದರ ಅರ್ಥ.

ಅಂಬುಜಮ್ಮ ಬೆರಳು ಮಡಿಸಿ ತಿಥಿವಾರ ಎಣಿಸಿದರು. “ಇವತ್ತು ಶ್ರಾವಣ ಶನಿವಾರ ಕಣೇ ಕಮಲಾ,” ಎಂದರು, ಕಳೆದುಹೋಗಿದ್ದ ವಸ್ತು ಸಿಕ್ಕಿದವರ ಹಾಗೆ. ಆಮೇಲೆ ಹೆಲನ್‌ಳತ್ತ ತಿರುಗಿ ಕೂತು ಹೇಳತೊಡಗಿದರು. “ನಮ್ಮ ಮನೆದೇವರು ತಿರುಪತಿ ವೆಂಕಟರಮಣ. ಅವನ ಒಕ್ಕಲಿನವರು ಶ್ರಾವಣ ಶನಿವಾರ ಪಡಿ ಬೇಡಬೇಕು. ಚೊಂಬಿಗೆ ನಾಮ ಹಚ್ಚಿಕೊಂಡು ಮನೆಮನೆಗೆ ಹೋಗಿ, ಹಿಡಿ ಹಿಡಿ ಅಕ್ಕಿ ತಂದು, ಅದರಲ್ಲೇ ಆ ದಿನದ ನೈವೇದ್ಯ. ಮನೇಲಿ ಕಣಜ ತುಂಬಿದ್ರೂ ಅದನ್ನು ಮುಟ್ಟೋ ಹಾಗಿಲ್ಲ. ನಮ್ಮಪ್ಪ ಊರಿನ ಶ್ಯಾನುಭೋಗರು, ಎಂಥ ಗತ್ತಿನ ಮನುಷ್ಯ. ಆ ಒಂದು ದಿನ ಬರಿಗಾಲಲ್ಲಿ ಒಕ್ಕಲಿನವರ ಬಾಗಿಲಲ್ಲೂ ನಿಲ್ತಿದ್ರು. ನಾನು ಅವರ ಕೈಬೆರಳು ಹಿಡ್ಕೊಂಡು ಹೋಗ್ತಿದ್ದೆ. ಬೇಡಿ ತಂದ ಅನ್ನಕ್ಕೇ ದೇವರು ಬರೋದು, ಅಂತಿದ್ರು. ನಿಮ್ಮಕ್ಕನಿಗೆ ಇದನ್ನೆಲ್ಲ ಹೇಳು. ಬೇಡೋದು ನಾನು. ಅವರ ಮಾನಕ್ಕೇನೂ ಆಗಲ್ಲ.”

ಹೆಲನ್ ಹೇಳಿ ಮುಗಿಸುವಷ್ಟರಲ್ಲಿ ಇವರು ಸಮುದ್ರದ ಕಡೆಗೆ ನಡೆದಾಗಿತ್ತು. ಪಡಿ ಬೇಡುವ ಮುಂಚೆ ಮೀಯಬೇಕು. ಬೇಸಿಗೆಯಲ್ಲಿ ತೊಟ್ಟಿಯ ನೀರು ಖರ್ಚು ಮಾಡಲು ಅವರಿಗೆ ಮನಸ್ಸಿಲ್ಲ. ಕಮಲಾಕ್ಷಿ ಅನಂತನನ್ನು ಸೊಂಟದ ಮೇಲಿಟ್ಟುಕೊಂಡು, ಅಲೆ ಬಂದರೆ, ಕಾಲು ಜಾರಿದರೆ ಎಂದು ಜಪಿಸುತ್ತ ಹಿಂದೆ ಓಡಿದಳು. ಅಂಬುಜಮ್ಮ ಉಟ್ಟ ಸೀರೆಯಲ್ಲೇ ಸೊಂಟದ ಮಟ್ಟಕ್ಕೆ ಇಳಿದು ಮೂರು ಮುಳುಗು ಹಾಕಿದರು. ದಡದಲ್ಲಿ ಬಲೆ ಹೊಲಿಯುತ್ತಿದ್ದ ಇಬ್ಬರು ಮುದುಕಿಯರು ನೋಡಿಯೇ ನೋಡಿದರು. ಅವರಲ್ಲೊಬ್ಬಳು ಅಂದದ್ದನ್ನು ಹೆಲನ್ ಆಮೇಲೆ ನಗುತ್ತ ಹೇಳಿದಳು: “ಹೊರದೇಶದ ಹೆಂಗಸರೆಲ್ಲ ಬಟ್ಟೆ ಬಿಚ್ಚಿ ನೀರಿಗಿಳೀತಾರೆ. ಅಂತೂ ಒಬ್ಬಳು ಮರ್ಯಾದಸ್ಥೆ ಬಂದಳು.”

ಒದ್ದೆ ಸೀರೆ ಬದಲಾಯಿಸಿ, ಚೊಂಬಿಗೆ ಅರಿಸಿನ ಕುಂಕುಮ ಹಚ್ಚಿ, ಸೆರಗು ಹೊದ್ದು, ಬರಿಗಾಲಲ್ಲಿ ಹೊರಟರು. ಸುಣ್ಣದ ಮೆಟ್ಟಿಲು ಬಿಸಿಲಿಗೆ ಕಾದು ಹೆಂಚಾಗಿತ್ತು. “ಅತ್ತೆ, ಚಪ್ಪಲಿ,” ಎಂದಳು ಕಮಲಾಕ್ಷಿ. ಅವರು ಕೇಳಿಸಿಕೊಳ್ಳಲಿಲ್ಲ. ಹೆಲನ್ ಅವರ ಪಕ್ಕದಲ್ಲಿ, ಕಮಲಾಕ್ಷಿ ಮಗುವಿನೊಂದಿಗೆ ನಾಲ್ಕು ಹೆಜ್ಜೆ ಹಿಂದೆ, ಯಾರ ಕಣ್ಣಿಗೂ ಬೀಳದಿದ್ದರೆ ಸಾಕೆಂದು ಗೋಡೆಗೆ ಅಂಟಿಕೊಂಡು.

ಮೊದಲ ಮನೆಯ ನೀಲಿ ಬಾಗಿಲ ಮುಂದೆ ನಿಂತು ಅಂಬುಜಮ್ಮ, ಮೆಲುದನಿಯಲ್ಲೇನೂ ಅಲ್ಲ, “ವೆಂಕಟರಮಣ ಗೋವಿಂದಾ ಗೋವಿಂದ” ಎಂದು ಕೂಗಿದರು. ಆ ಮೌನದ ಊರಿನಲ್ಲಿ ಕೂಗು ಗುಡ್ಡದ ತುದಿಯವರೆಗೆ ಹೋಯಿತು. ಎಲ್ಲೋ ಒಂದು ಕತ್ತೆ ಅರಚಿತು. ಕಮಲಾಕ್ಷಿ ಕಣ್ಣು ಮುಚ್ಚಿಕೊಂಡಳು.

ಬಾಗಿಲು ತೆರೆಯಿತು. ಹಿಟ್ಟಿನ ಕೈಯ ಒಬ್ಬ ಹೆಂಗಸು ಕುಂಕುಮ ನೋಡಿದಳು, ಚೊಂಬು ನೋಡಿದಳು, ಹೆಲನ್‌ಳನ್ನು ನೋಡಿ ಮುಖ ಗಂಟಿಕ್ಕಿದಳು. ಹೆಲನ್ ತಡವರಿಸುತ್ತ ಹೇಳಿದಳು: ಇವಳು ನೈರೋಬಿಯ ನನ್ನ ತಂಗಿ; ನಾಳೆ ನನ್ನ ಗಂಡನ ವರ್ಷದ ಗೋಧಿ; ಇವರ ವ್ರತದ ಪ್ರಕಾರ ಅದನ್ನು ಮನೆಮನೆಯಿಂದ ಬೇಡಿ ತರಬೇಕು.

ಬಾಗಿಲ ಹೆಂಗಸು ಕೈಯ ಹಿಟ್ಟು ಒರೆಸಿಕೊಂಡಳು. “ಏನವನ ಹೆಸರು?” ಎಂದು ಕೇಳಿದಳು.

ಆ ಊರಿಗೆ ಬಂದ ವರ್ಷದಲ್ಲಿ ಹೆಲನ್‌ಳ ಹತ್ತಿರ ಅದನ್ನು ಯಾರೂ ಕೇಳಿರಲಿಲ್ಲ. ಹೇಳಿದಳು. ಹೆಂಗಸು ಒಳಗೆ ಹೋಗಿ ಎರಡು ಹಿಡಿ ಗೋಧಿ ತಂದು ಚೊಂಬಿಗೆ ಸುರಿಯುತ್ತ, “ಪೀಟರನನ್ನು ದೇವರು ಕ್ಷಮಿಸಲಿ,” ಎಂದಳು. ಸತ್ತವರ ಹೆಸರಿನಲ್ಲಿ ಕೈಯೆತ್ತಿ ಕೊಟ್ಟರೆ ಆ ಮಾತು ಹೇಳಲೇಬೇಕು, ಅದು ಅವರ ಪದ್ಧತಿ.

“ಅಸಾಂಟೆ,” ಎಂದು ಸ್ವಾಹಿಲಿಯಲ್ಲಿ ವಂದನೆ ಹೇಳಿದರು ಅಂಬುಜಮ್ಮ. ಗ್ರೀಕ್ ಬಾರದು, ಪರದೇಶದ ಭಾಷೆ ಎಂದರೆ ಅವರ ನಾಲಗೆಗೆ ಮೊದಲು ಬರುತ್ತಿದ್ದದ್ದು ಅದೇ.

ಎರಡನೆಯ ಬಾಗಿಲಿಗೆ ಹೋಗುವಷ್ಟರಲ್ಲಿ ಮೂರನೆಯವರು ಆಗಲೇ ಹೊರಗೆ ನಿಂತಿದ್ದರು. ಕಿಟಕಿಗಳು ತೆರೆದವು. ಯಾರೋ ಗೋಧಿಯ ಜೊತೆ ಒಣದ್ರಾಕ್ಷಿ ಹಾಕಿದರು, ಯಾರೋ ಬಾದಾಮಿ. ಮನೆಯಲ್ಲಿ ಗೋಧಿಯಿಲ್ಲದ ಒಬ್ಬ ಒಂಟಿ ಮುದುಕ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, ಹೆಸರನ್ನು ಮಾತ್ರ ಹೇಳಿದ. ಅಂಬುಜಮ್ಮ ಅವನಿಗೂ ಚೊಂಬು ತೋರಿಸಿ ಕೈಮುಗಿದರು. ಇಷ್ಟರಲ್ಲಿ ಅನಂತನಿಗೆ ಆಟ ತಿಳಿದುಹೋಗಿತ್ತು. ಮನೆಯಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಗ, ಅಜ್ಜಿ ಬಾಯಿ ತೆರೆಯುವ ಮುಂಚೆಯೇ “ಗೋವಿಂದಾ” ಎಂದು ಕೂಗತೊಡಗಿದ. ಒಬ್ಬ ಹೆಂಗಸು ಅವನ ಕೆನ್ನೆ ಹಿಂಡಿ, ಥೂ ಥೂ ಥೂ ಎಂದು ಉಗುಳಿದಂತೆ ಮಾಡಿದಳು. ಕಮಲಾಕ್ಷಿ ಬೆಚ್ಚಿ ಕರವಸ್ತ್ರಕ್ಕೆ ಕೈಹಾಕಿದಳು.

“ದೃಷ್ಟಿ ತೆಗೀತಿದಾಳೆ ಕಣೇ, ಸುಮ್ನಿರು,” ಎಂದರು ಅತ್ತೆ.

ಕಮಲಾಕ್ಷಿ ಕರವಸ್ತ್ರ ಒಳಗಿಟ್ಟಳು. ಯಾವಾಗಲೋ ತಾನು ಗೋಡೆ ಬಿಟ್ಟು ಬೀದಿಯ ನಡುವೆ, ಅತ್ತೆಯ ಪಕ್ಕದಲ್ಲೇ ನಡೆಯುತ್ತಿರುವುದು ಅವಳ ಗಮನಕ್ಕೆ ಬಂತು. ಚೊಂಬು ತುಂಬಿ ಸೆರಗಿಗೆ ಸುರಿದುಕೊಳ್ಳುವ ಹೊತ್ತಿಗೆ ಅವಳೇ ತನ್ನ ದುಪಟ್ಟಾ ಬಿಚ್ಚಿ ಒಡ್ಡಿದಳು.

ಸಂಜೆ ಇರಿನಿ ಒಲೆಯ ಮುಂದೆ ನಿಂತು, ಬೇಯಿಸುವುದು ಯಾರು ಎಂದು ಕೇಳಿದಳು. ತನ್ನ ಕೈಯ ತಟ್ಟೆ ಕೆಟ್ಟಿತ್ತು. ಎರಡನೆಯ ಸಲ ಕೈಯಿಡಲು ಆಕೆಗೆ ಅಂಜಿಕೆ.

“ನಿಮ್ಮಲ್ಲಿ ಯಾರು ಬೇಯಿಸಬೇಕು?” ಎಂದು ಅಂಬುಜಮ್ಮ ಹೆಲನ್ ಮೂಲಕ ಕೇಳಿದರು.

ಮನೆಯ ಹೆಂಗಸು. ಮಿಂದು, ಉಪವಾಸವಿದ್ದು, ರುಚಿ ನೋಡದೆ.

“ಅದನ್ನೇ ನಾವು ಮಡಿ ಅನ್ನೋದು. ನಮ್ಮಲ್ಲೂ ತಿಥಿಯ ಅಡಿಗೆ ಹೊರಗಿನವರು ಮಾಡೋ ಹಾಗಿಲ್ಲ, ಮನೆ ಹೆಣ್ಣುಮಕ್ಕಳೇ ಮಾಡಬೇಕು,” ಎಂದು ಅವರು ಸೆರಗು ಬಿಗಿದು ಒಲೆಯ ಮುಂದೆ ಕೂತರು. ಹೆಲನ್ ಅದನ್ನು ತಿರುಗಿಸಿ ಹೇಳಿದಾಗ, ತಾನೂ ಈ ಮನೆಯ ಮಗಳೇ ಎಂದು ಅವರು ಬಾಯಿಬಿಟ್ಟು ಹೇಳದ್ದೂ ಇರಿನಿಗೆ ತಿಳಿಯಿತು. ಆಕೆ ಒಳಗೆ ಹೋಗಿ, ತಾನು ಹಬ್ಬಕ್ಕೆ ಮಾತ್ರ ತೆಗೆಯುವ ದೊಡ್ಡ ತಾಮ್ರದ ಪಾತ್ರೆಯನ್ನು ತಂದು, ಅವರ ಕಣ್ಣೆದುರಿಗೇ ಬೂದಿ ಹಾಕಿ ಮೂರು ಸಲ ತಿಕ್ಕಿ ತೊಳೆದು ಕೊಟ್ಟಳು. ಬೆಂದ ಗೋಧಿಯನ್ನು ಬಿಳಿ ಬಟ್ಟೆಯ ಮೇಲೆ ಹರಡಿ ಆರಲು ಬಿಟ್ಟರು. ಬೆಳಿಗ್ಗೆ ಇಬ್ಬರೂ ಮುದುಕಿಯರು, ಒಬ್ಬರ ಮಾತು ಒಬ್ಬರಿಗೆ ತಿಳಿಯದೆ, ಸಕ್ಕರೆ ಜಾಸ್ತಿಯಾಯಿತೋ ಕಡಿಮೆಯಾಯಿತೋ ಎಂದು ಕೈಸನ್ನೆಯಲ್ಲೇ ಜಗಳವಾಡುತ್ತ ಅದನ್ನು ಶೃಂಗರಿಸಿದರು.

ಚರ್ಚು ಪುಟ್ಟದು, ಇಪ್ಪತ್ತು ಜನ ನಿಂತರೆ ತುಂಬುವಂಥದ್ದು. ಕಮಲಾಕ್ಷಿ ಬಾಗಿಲ ಬಳಿ ನಿಂತು ಹಿಂದಕ್ಕೆ ನೋಡುತ್ತಲೇ ಇದ್ದಳು. ಗೋಧಿ ಕೊಟ್ಟದ್ದು ಬೇರೆ, ಬರುವುದು ಬೇರೆ. ಬರದಿದ್ದರೆ? ತನ್ನ ಒಂದು ಚಮಚದಿಂದ ಇಷ್ಟೆಲ್ಲ ಆಗಿ, ಕೊನೆಗೆ ತಾವು ನಾಲ್ಕೇ ಜನ ಉಳಿದರೆ? ಮೊದಲು ಹಿಟ್ಟಿನ ಕೈಯ ಹೆಂಗಸು ಬಂದಳು. ತಾನು ಕೊಟ್ಟ ಗೋಧಿ ಆ ತಟ್ಟೆಯಲ್ಲಿದೆ ಎಂದ ಮೇಲೆ ಬರದಿರುವುದು ಹೇಗೆ? ಅವಳ ಹಿಂದೆ ಬಲೆ ಹೊಲಿಯುವ ಇಬ್ಬರು. ಆಮೇಲೆ ಮೆಟ್ಟಿಲುಗಳ ಮೇಲೆ ಕಪ್ಪು ಬಟ್ಟೆಗಳು ಒಂದರ ಹಿಂದೊಂದು ಇಳಿದವು. ಜಾಗ ಸಾಲದೆ ಜನ ಅಂಗಳದಲ್ಲಿ ನಿಂತರು. ಪಾದ್ರಿ ಹೆಸರು ಹೇಳಿದಾಗ ಒಳಗಿನವರೂ ಹೊರಗಿನವರೂ ಒಟ್ಟಿಗೆ ಹೇಳಿದರು. ಹೆಲನ್ ಅಳಲಿಲ್ಲ. ಬೆನ್ನು ನೆಟ್ಟಗೆ ಮಾಡಿ ನಿಂತಳು.

ಗೋಧಿ ಹಂಚುವಾಗ ಇರಿನಿ ಮೊದಲ ಹಿಡಿಯನ್ನು ತಂದು ಅಂಬುಜಮ್ಮನವರ ಮುಂದೆ ಹಿಡಿದಳು. ಕಮಲಾಕ್ಷಿ ಅತ್ತೆಯ ಮುಖ ನೋಡಿದಳು. ತಾವೇ ಬೇಯಿಸಿದ್ದು ನಿಜ. ಆದರೆ ಬೇರೆಯವರ ಶ್ರಾದ್ಧದ ಅನ್ನ ಅತ್ತೆ ಈ ಜನ್ಮದಲ್ಲಿ ತಿಂದವರಲ್ಲ. ಶ್ರಾದ್ಧದ ಶೇಷ ರಕ್ತಸಂಬಂಧಿಗಳಿಗೆ ಮಾತ್ರ, ಹೊರಗಿನವರು ತಿಂದರೆ ದೋಷ, ಎಂದು ಅವಳಿಗೆ ಹೇಳಿಕೊಟ್ಟವರೇ ಅವರು. ಅಂಬುಜಮ್ಮ ಅಂಗೈ ಒಡ್ಡಿದರು. ಹಿಡಿ ಗೋಧಿಯನ್ನು ಕಣ್ಣಿಗೊತ್ತಿಕೊಂಡು, ಒಂದು ಕಾಳೂ ಕೆಳಗೆ ಬೀಳದ ಹಾಗೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದು ತಿಂದರು.

ಹೆಲನ್ ಅವರ ತೋಳು ಹಿಡಿದುಕೊಂಡಳು. ಬೇಲಿಯಾಚೆ ಅಷ್ಟು ವರ್ಷ ಬದುಕಿದವಳಿಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆಮೇಲೆ ಎಲ್ಲರೂ ಹೆಲನ್ ಮನೆಗೆ ಕಾಫಿಗೆ ಬಂದರು. ಕುರ್ಚಿಗಳು ಸಾಲಲಿಲ್ಲ, ನೆರೆಯವರು ತಮ್ಮ ತಮ್ಮ ಕುರ್ಚಿಗಳನ್ನು ಹೊತ್ತು ತಂದರು. ಒಬ್ಬಳು ಕೇಳಿದಳು: ಆ ಪೀಟರ್ ಎಂಥವನಾಗಿದ್ದ? ಹೆಲನ್ ಅಂಬುಜಮ್ಮನ ಕಡೆ ನೋಡಿದಳು.

ಅಂಬುಜಮ್ಮ ಗಂಟಲು ಸರಿಮಾಡಿಕೊಂಡರು. ಇಂಗ್ಲಿಷು, ಸ್ವಾಹಿಲಿ, ನಡುವೆ ಕನ್ನಡ ಬೆರೆಸಿ ಹೇಳಿದ್ದನ್ನು ಹೆಲನ್ ಗ್ರೀಕಿಗೆ ತಿರುಗಿಸುತ್ತ ಹೋದಳು.

“ನನಗೆ ಹೆರಿಗೆ ನೋವು ಬಂದಾಗ ನಮ್ಮ ಯಜಮಾನರು ಪರೀಕ್ಷೆ ಅಂತ ಕಿಸುಮು ಊರಿಗೆ ಹೋಗಿದ್ರು. ನೈರೋಬಿಯಲ್ಲಿ ದೊಡ್ಡ ಮಳೆಗಾಲ. ರಸ್ತೆಯೆಲ್ಲ ಹೊಳೆ. ಕಾರು ಹೋಗೋ ಹಾಗಿರಲಿಲ್ಲ. ಪೀಟರ್ ವರ್ಕ್‌ಶಾಪಿಂದ ರಿಪೇರಿಗೆ ಬಂದಿದ್ದ ಲಾರಿ ತಂದ. ಅದಕ್ಕೆ ಒಂದು ಬಾಗಿಲೇ ಇರಲಿಲ್ಲ. ನನ್ನನ್ನು, ಹೆಲನ್‌ನ ಹತ್ತಿಸಿಕೊಂಡು ಹೊರಟ. ನಾನೋ ನಾಚಿಕೆಗೆ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಗಂಡಸಿನ ಮುಂದೆ ಕಿರುಚೋದು ಹೇಗೆ? ಅದು ಅವನಿಗೆ ಗೊತ್ತಾಯ್ತು. ಒಂದು ಸಲವೂ ತಿರುಗಿ ನೋಡಲಿಲ್ಲ. ರಸ್ತೆ ನೋಡ್ಕೊಂಡು, ಗಂಟಲು ಹರಿಯೋ ಹಾಗೆ ಹಾಡೋಕೆ ಶುರು ಮಾಡಿದ. ಅಪಸ್ವರ, ಕೇಳೋಕಾಗಲ್ಲ. ಆ ಗಲಾಟೇಲಿ ನಾನು ಮನಸ್ಸಿಟ್ಟು ಕಿರುಚಿದೆ. ಆಸ್ಪತ್ರೆ ಬರೋವರೆಗೂ ಅವನು ಹಾಡು ನಿಲ್ಲಿಸಲಿಲ್ಲ. ಇಳಿದು ಅರ್ಧ ಗಂಟೆಗೆ ವಾಮನ ಹುಟ್ಟಿದ. ಇವಳ ಗಂಡ.”

ಹೆಲನ್ ಕೊನೆಯ ಮಾತು ಮುಗಿಸುವಷ್ಟರಲ್ಲಿ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಇಬ್ಬರು ಕಣ್ಣೊರೆಸಿಕೊಳ್ಳುತ್ತಿದ್ದರು. ಟೊಪ್ಪಿಗೆಯ ಮುದುಕ ಏನು ಹಾಡುತ್ತಿದ್ದ ಎಂದು ಕೇಳಿದ. ಹೆಲನ್ ಎರಡು ಸಾಲು ಹೇಳಿದಳು. “ಅದು ನಮ್ಮೂರ ಕಡೆಯ ಹಾಡು,” ಎಂದು ಅವನು ಮೇಜು ಗುದ್ದಿದ. ಪೀಟರನಿಗೆ ಅದನ್ನು ಕಲಿಸಿದವಳು ಹೆಲನ್.

ಕಮಲಾಕ್ಷಿ ಈ ಕತೆಯನ್ನು ಕೇಳಿರಲಿಲ್ಲ. ವಾಮನನಿಗೂ ಗೊತ್ತಿತ್ತೋ ಇಲ್ಲವೋ. ಹೇಳಿಕೊಂಡು ತಿರುಗುವವರಲ್ಲ ಅತ್ತೆ.

ಅಷ್ಟರಲ್ಲಿ ಅಡಿಗೆಮನೆಯಿಂದ ಇರಿನಿಯ ಗದರುವ ದನಿ ಎದ್ದಿತು. ಕಮಲಾಕ್ಷಿ ಗಾಬರಿಯಾಗಿ ಹೆಲನ್ ಮುಖ ನೋಡಿದಳು. ಆ ಮುಖ ನಗುತ್ತಿತ್ತು. “ಕಾಫಿ ನೀರಾಗಿದೆಯಂತೆ. ಊರವರ ಮುಂದೆ ಮನೆಯ ಮಾನ ತೆಗೆದೆ ಅಂತ ಬೈತಿದಾಳೆ. ಹಬ್ಬದ ದಿನ ಬೆಳಿಗ್ಗೆ ಎಲ್ಲ ಹೆಂಗಸರ ಜೊತೆ ಚರ್ಚಿನ ಅಡಿಗೆಗೆ ಬಾ, ಅಲ್ಲಾದರೂ ಕಲಿತುಕೋ ಅಂತೆ.” ಹೇಳಿ, ಲಗುಬಗೆಯಿಂದ ಎದ್ದು ಒಳಗೆ ಓಡಿದಳು.

ಕಮಲಾಕ್ಷಿಯ ಪಕ್ಕದ ಕುರ್ಚಿಯಲ್ಲಿ ಬಲೆ ಹೊಲಿಯುವ ಮುದುಕಿಯೊಬ್ಬಳು ಕೂತಿದ್ದಳು. ಅನಂತ್ ಅವಳ ತಟ್ಟೆಯಿಂದ ಏನನ್ನೋ ಎತ್ತಿ ಆಗಲೇ ಬಾಯಿಗೆ ಹಾಕಿಕೊಂಡಿದ್ದ. ಕಮಲಾಕ್ಷಿ ನೋಡಿದಳು, ಬಿಟ್ಟಳು. ಮುದುಕಿ ಅವಳ ಮೊಣಕೈ ತಟ್ಟಿ, ಗಲ್ಲ ಎತ್ತಿ ಏನೋ ಕೇಳಿದಳು. ಭಾಷೆ ಬಾರದಿದ್ದರೂ ಪ್ರಶ್ನೆ ತಿಳಿಯಿತು. ನೀನು ಯಾರ ಪೈಕಿ?

ಕಮಲಾಕ್ಷಿ ಜನರ ನಡುವೆ, ಸೆರಗು ಹೊದ್ದು, ಸುಟ್ಟ ಅಂಗಾಲುಗಳನ್ನು ತಣ್ಣನೆಯ ಕಲ್ಲಿಗೆ ಒತ್ತಿಕೊಂಡು ಕೂತಿದ್ದ ಅಂಬುಜಮ್ಮನವರತ್ತ ಕೈ ತೋರಿಸಿದಳು.

“ನಾನು ಅವರ ಸೊಸೆ,” ಎಂದಳು, ಕನ್ನಡದಲ್ಲೇ, ನಾಲ್ಕು ಜನಕ್ಕೆ ಕೇಳುವಷ್ಟು ಗಟ್ಟಿಯಾಗಿ.